ಯುರೋಕಾ ಬಯಲಿನಲ್ಲಿ ಸುಮ್ನೆ ಕೂರೋದು ಕಲಿತೆ: ನನ್ನ ಅನುಭವ

ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ಗ್ಲೆನ್‌ಬ್ರೂಕ್ ಸಿಗುತ್ತದೆ. ಬ್ಲೂ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ ಅಲ್ಲಿಂದ ಶುರು. ಹಳ್ಳ ದಾಟಿ, ಕಾಡಿನ ರಸ್ತೆಯಲ್ಲಿ ಸ್ವಲ್ಪ ಒಳಗೆ ಹೋದರೆ ಯುರೋಕಾ ಎಂಬ ಹುಲ್ಲುಬಯಲು. ಊಟ ಕಟ್ಟಿಕೊಂಡು ಬರುವವರಿಗೂ ಟೆಂಟ್ ಹಾಕಿ ಮಲಗುವವರಿಗೂ ಅಲ್ಲಿ ಜಾಗ ಇದೆ. ಇದು ಇಲ್ಲಿನ ಮೂಲನಿವಾಸಿಗಳಾದ ದಾರುಗ್ ಜನರ ನೆಲ.

ಮೊದಲ ಸಲ ಹೋದಾಗ ನಾನೊಂದು ತಪ್ಪು ಮಾಡಿದೆ. ಕಾಂಗರೂ ಹತ್ತಿರ ಬಂತು ಅನ್ನೋ ಖುಷಿಗೆ ಬ್ರೆಡ್ ಕೊಟ್ಟುಬಿಟ್ಟೆ. ಪಕ್ಕದ ಟೆಂಟಿನ ವಯಸ್ಸಾದ ಹೆಂಗಸೊಬ್ಬರು ಎದ್ದು ಬಂದು ಮೆತ್ತಗೆ ತಿಳಿಹೇಳಿದರು. ಒರಟು ಹುಲ್ಲು ತಿನ್ನೋ ಬಾಯಿ ಅದು. ಮೆತ್ತನೆ ಬ್ರೆಡ್ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಒಸಡಿಗೆ ಸೋಂಕು ಹತ್ತಬಹುದು. ಆಮೇಲೆ ದವಡೆ ಊದಿಕೊಳ್ಳುತ್ತದೆ, ಮೇಯಲು ಆಗದೆ ಪ್ರಾಣಿ ಸೊರಗುತ್ತದೆ. ಇಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಪ್ರಾಣಿಗಳಿಗೆ ತಿಂಡಿ ಕೊಡೋದು ಕಾನೂನಿಗೂ ವಿರುದ್ಧ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರೀತಿಯಿಂದಲೇ ಕೊಟ್ಟಿದ್ದೆ ಅಲ್ವಾ?

ಅಂದಿನಿಂದ ನನ್ನ ಕ್ರಮ ಬದಲಾಯಿತು. ಮಧ್ಯಾಹ್ನವೇ ತಲುಪಿ ಟೆಂಟ್ ಕಟ್ಟುತ್ತೇನೆ. ಚಿತ್ರಾನ್ನ, ಮೊಸರನ್ನ ಎಲ್ಲ ಬೇಗ ಮುಗಿಸಿ, ಡಬ್ಬಗಳನ್ನು ಕಾರೊಳಗಿಟ್ಟು ಬೀಗ ಹಾಕುತ್ತೇನೆ. ಬಿಸಿಲು ಇಳಿಯುವ ಹೊತ್ತಿಗೆ ಕುರ್ಚಿ ಎತ್ತಿಕೊಂಡು ಬಯಲಿನ ಅಂಚಿಗೆ ಹೋಗಿ, ಬೆನ್ನಿಗೊಂದು ಮರ ಸಿಗುವಂತೆ ಕೂರುತ್ತೇನೆ. ಅಷ್ಟೇ. ಎದ್ದು ಹೋಗುವುದಿಲ್ಲ, ಹಿಂದೆ ಬೀಳುವುದಿಲ್ಲ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮರಗಳ ನೆರಳಿನಿಂದ ಕಾಂಗರೂಗಳು ಒಂದೊಂದಾಗಿ ಬಯಲಿಗೆ ಬರುತ್ತವೆ.

ಇವು ಈಸ್ಟರ್ನ್ ಗ್ರೇ ಜಾತಿಯವು. ಕಾಂಗರೂ ಅಂದರೆ ನಮಗೆ ನೆಗೆತವೇ ಕಣ್ಣ ಮುಂದೆ ಬರುತ್ತದೆ. ಆದರೆ ಮೇಯುವಾಗ ಅದು ನೆಗೆಯುವುದಿಲ್ಲ. ಮುಂಗಾಲು ಎರಡನ್ನೂ ನೆಲಕ್ಕೆ ಊರಿ, ಬಾಲವನ್ನೂ ಕಾಲಿನಂತೆ ಒತ್ತಿ, ಹಿಂಗಾಲುಗಳನ್ನು ಮುಂದಕ್ಕೆ ತೂಗಿ ಇಡುತ್ತದೆ. ಐದು ಕಾಲಿನ ನಡಿಗೆ! ಸೆಕೆಯ ದಿನ ಮುಂಗೈ ನೆಕ್ಕಿಕೊಳ್ಳುತ್ತಿರುತ್ತದೆ. ಆ ಎಂಜಲು ಆರುವಾಗ ಮೈ ತಂಪಾಗುತ್ತದೆ. ಮರಿಗಳು ಹನ್ನೊಂದು ತಿಂಗಳ ಹತ್ತಿರದವರೆಗೂ ಚೀಲದ ಆಸರೆ ಬಿಡುವುದಿಲ್ಲ. ಒಮ್ಮೆ ತಾಯಿ ಮೇಯಲು ಬಗ್ಗಿದಾಗ, ಚೀಲದಿಂದ ತಲೆ ಹಾಕಿದ ಮರಿಯೂ ಅಲ್ಲಿಂದಲೇ ಹುಲ್ಲು ಕಿತ್ತು ತಿಂದಿತು. ಅದನ್ನು ನೋಡುತ್ತಾ ಫ್ಲಾಸ್ಕಿನ ಕಾಫಿ ಆರಿಹೋಗಿತ್ತು.

ನಾವು ಎಷ್ಟು ಹತ್ತಿರ ಇರಬಹುದು ಅನ್ನೋದನ್ನು ಅವೇ ಹೇಳುತ್ತವೆ. ಮೇಯುವುದು ನಿಲ್ಲಿಸಿ ತಲೆ ಎತ್ತಿ, ಎರಡೂ ಕಿವಿ ನಮ್ಮ ಕಡೆ ತಿರುಗಿಸಿತೋ, ಅಷ್ಟು ಹತ್ತಿರ ಹೋಗಬಾರದಿತ್ತು ಅಂತ ಅರ್ಥ. ಹಿಂಗಾಲಿನಿಂದ ನೆಲಕ್ಕೆ ಧಪ್ ಅಂತ ಬಡಿದರೆ ಅದು ಇಡೀ ಗುಂಪಿಗೆ ಎಚ್ಚರಿಕೆ. ದೊಡ್ಡ ಗಂಡು ಮೈ ಸೆಟೆಸಿ ನಿಂತರೆ ದಿಟ್ಟಿಸಿ ನೋಡದೆ ನಿಧಾನವಾಗಿ ಹಿಂದೆ ಸರಿಯುತ್ತೇನೆ.

ಇಷ್ಟು ಹುಲ್ಲು ಇಲ್ಲೇ ಯಾಕೆ ಅಂತ ಮೊದಲು ನನಗೂ ತಿಳಿದಿರಲಿಲ್ಲ. ಸುತ್ತಲೂ ಮರಳುಗಲ್ಲಿನ ಬಡ ಮಣ್ಣು. ಯುರೋಕಾ ಮಾತ್ರ ಕೋಟ್ಯಂತರ ವರ್ಷ ಹಿಂದಿನ ಅಗ್ನಿಪರ್ವತದ ಬಾಯಿ. ಅದರ ಕಲ್ಲು ಸವೆದು ಪುಡಿಯಾಗಿ ಆದ ಮಣ್ಣು ಫಲವತ್ತಾಗಿದೆ. ಹುಲ್ಲಿಗೂ ಎತ್ತರದ ಮರಗಳಿಗೂ ಅದೇ ಕಾರಣ.

ಆ ಮರಗಳ ಬಗ್ಗೆ ಒಂದು ಮಾತು. ಕೋಲಾರದ ಕಡೆಯ ನಮ್ಮ ಅಜ್ಜಿಯ ಊರಿನ ನೀಲಗಿರಿ ತೋಪಿನಲ್ಲಿ ಒಂದು ಹಕ್ಕಿ ಕೂಗಿದ್ದೂ ನನಗೆ ನೆನಪಿಲ್ಲ. ನೀಲಗಿರಿಯ ತವರಾದ ಇಲ್ಲಿ ಅದೇ ಬಳಗದ ಮರದಲ್ಲಿ ಬೆಳಗಿನ ಜಾವ ಕುಕಬರ್ರಾಗಳು ಇಡೀ ಸಂಸಾರ ಸಮೇತ ನಕ್ಕಂತೆ ಕೂಗುತ್ತವೆ. ಮರಕ್ಕೆ ತನ್ನ ನೆಲ ಎಷ್ಟು ಮುಖ್ಯ ಅಂತ ನನಗೆ ಅರ್ಥವಾಗಿದ್ದು ಇಲ್ಲಿಯೇ. ಕುಕಬರ್ರಾ ನಮ್ಮ ಮಿಂಚುಳ್ಳಿಯ ಬಂಧು. ಆದರೆ ಮೀನಿಗಿಂತ ಹುಳ, ಹಲ್ಲಿ, ಸಣ್ಣ ಹಾವುಗಳೇ ಅದಕ್ಕೆ ಜಾಸ್ತಿ ಇಷ್ಟ. ತಟ್ಟೆಯಿಂದ ತಿಂಡಿ ಎಗರಿಸೋದೂ ಗೊತ್ತು.

ಇಲ್ಲಿನವರು ಗೊಯಾನಾ ಅನ್ನೋದು ನಮ್ಮ ಉಡದ ಬಳಗವೇ. ಅದರಲ್ಲಿ ಲೇಸ್ ಮಾನಿಟರ್ ಎಂಬ ಜಾತಿ ಎರಡು ಮೀಟರ್‌ವರೆಗೂ ಬೆಳೆಯುತ್ತದೆ. ನಾನು ನೋಡಿದ್ದು ಬೇಸಿಗೆಯ ಮಧ್ಯಾಹ್ನ. ನನ್ನನ್ನು ಕಂಡದ್ದೇ ಮರ ಹತ್ತಿ, ಕಾಂಡದ ಆಚೆ ಬದಿಗೆ ಸರಿದು ಅವಿತುಕೊಂಡಿತು. ಇದರ ಹೆಣ್ಣು ಗೆದ್ದಲಿನ ಗೂಡನ್ನು ಕೆರೆದು ಒಳಗೆ ಮೊಟ್ಟೆ ಇಡುತ್ತದೆ. ಗೆದ್ದಲುಗಳೇ ಆ ತೂತನ್ನು ಮುಚ್ಚಿಬಿಡುತ್ತವೆ. ಚಳಿಗಾಲವಿಡೀ ಮೊಟ್ಟೆಗಳಿಗೆ ಒಂದೇ ಹದದ ಬೆಚ್ಚಗೆ.

ಕತ್ತಲಾದ ಮೇಲೆ ಟಾರ್ಚಿಗೆ ಬೆಳಕು ಹಾಯುವ ಕೆಂಪು ಕಾಗದ ಸುತ್ತುತ್ತೇನೆ. ಬಿಳಿ ಬೆಳಕು ನಿಶಾಚರಿಗಳ ಕಣ್ಣಿಗೆ ಚುಚ್ಚುತ್ತದೆ. ಟಾರ್ಚನ್ನು ಕೆಳಗೆ ಹಿಡಿಯದೆ ನಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದರೆ, ಪ್ರಾಣಿಯ ಕಣ್ಣಿನ ಹೊಳಪು ನೇರ ನಮಗೇ ಬರುತ್ತದೆ. ಮರದ ಮೇಲೆ ಓಡಾಡುವ, ಹೊಟ್ಟೆಚೀಲವಿರುವ ಪಾಸಮ್ ಎಂಬ ಪ್ರಾಣಿಗಳನ್ನು ಹೀಗೆಯೇ ಕಂಡಿದ್ದೇನೆ.

ಹೋಗುವುದಾದರೆ ಟೆಂಟಿನ ಜಾಗ ಮೊದಲೇ ಬುಕ್ ಮಾಡಿ, ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ನಾಯಿ ಬೇಡ, ರಾಷ್ಟ್ರೀಯ ಉದ್ಯಾನದೊಳಗೆ ಬಿಡುವುದಿಲ್ಲ. ಸಂಜೆ ಗೇಟ್ ಮುಚ್ಚುತ್ತಾರೆ. ಜೋರು ಮಳೆ ಬಂದರೆ ಹಳ್ಳದ ದಾರಿಯೂ ಬಂದ್. ಮುಸ್ಸಂಜೆಯಲ್ಲಿ ಕಾರು ತೀರಾ ನಿಧಾನ ಇರಲಿ.

ಇನ್ನೂ ಕಾಣದೆ ಉಳಿದದ್ದು ಗ್ರೇಟರ್ ಗ್ಲೈಡರ್. ಮಲೆನಾಡಿನ ಹಾರುಬೆಕ್ಕಿನಂತೆ ಮರದಿಂದ ಮರಕ್ಕೆ ತೇಲುವ ಪ್ರಾಣಿ. 2022ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಹಗಲು ಮಲಗಲು ಅದಕ್ಕೆ ಮುದಿ ಮರದ ಪೊಟರೆಯೇ ಬೇಕು. ಅಂಥ ದೊಡ್ಡ ಪೊಟರೆ ಆಗಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ಬಯಲಿನ ಅಂಚಿನಲ್ಲಿ ಅಂಥದ್ದೊಂದು ಮರ ಗುರುತು ಮಾಡಿಕೊಂಡಿದ್ದೇನೆ. ಏಪ್ರಿಲ್‌ನಲ್ಲಿ ಮತ್ತೆ ಹೋಗುವಾಗ ಕುರ್ಚಿ ಅದರ ಎದುರಿಗೆ.