ಮರದಲ್ಲಿ ಕೂಗ್ತಿರೋದು ಯಾರು? ಮಗುವಿನ ಒಂದು ಪ್ರಶ್ನೆಗೆ ಒಂದು ವಾರ

ಐದಾರು ವರ್ಷದ ಮಗು ದಿನಕ್ಕೆ ಹತ್ತಾರು ಪ್ರಶ್ನೆ ಕೇಳುತ್ತದೆ. ಪ್ರತಿಯೊಂದಕ್ಕೂ ಮೊಬೈಲ್ ತೆಗೆದರೆ ಉತ್ತರ ಸಿಕ್ಕೀತು, ಕುತೂಹಲ ಅಲ್ಲಿಗೇ ಮುಗಿದೀತು. ವಾರಕ್ಕೆ ಒಂದೇ ಪ್ರಶ್ನೆ ಹಿಡಿಯಿರಿ. ಮೊದಲು ಕಿವಿ, ಆಮೇಲೆ ಮೊಬೈಲ್, ಕೊನೆಗೆ ಕೈ. ಬೇಸಿಗೆಯಲ್ಲಿ ತಾನಾಗಿ ಬರುವ ಪ್ರಶ್ನೆ ಕೋಗಿಲೆಯದು.

ಹಂತ 1: ಹೆಸರು ಹೇಳಿಬಿಡಬೇಡಿ. ಎರಡು ದಿನ ಬೆಳಿಗ್ಗೆ ಹತ್ತು ನಿಮಿಷ ತಾರಸಿಯಲ್ಲೋ ಜಗಲಿಯಲ್ಲೋ ಮಗುವಿನ ಜೊತೆ ಕೂತುಕೊಳ್ಳಿ. ಒಂದು ‘ಕುಹೂ’ಗೆ ಒಂದು ಹುಣಸೆ ಬೀಜ ತಟ್ಟೆಗೆ ಬೀಳಲಿ. ಕೂಗು ಒಂದಕ್ಕಿಂತ ಒಂದು ಏರುತ್ತಾ ಹೋಗಿ ಥಟ್ಟನೆ ನಿಲ್ಲುತ್ತದೆ. ಎಷ್ಟನೇ ಬೀಜಕ್ಕೆ ನಿಂತಿತು?

ಹಂತ 2: ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ‘ಮರ್ಲಿನ್’ ಆ್ಯಪ್ ಉಚಿತ. ಭಾರತದ ಹಕ್ಕಿಗಳ ಪ್ಯಾಕನ್ನು ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ. ಬೆಳಿಗ್ಗೆ ಮಗುವನ್ನು ಕಾಯಿಸಿದರೆ ಆಟ ಕೆಟ್ಟಿತು. ಧ್ವನಿಯಿಂದ ಗುರುತಿಸುವ ಬಟನ್ ಒತ್ತಿದರೆ ಪ್ರತಿ ಕೂಗೂ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಕಿವಿಗೆ ಕೇಳಿದ ಏರಿಕೆ ಈಗ ಕಣ್ಣಿಗೂ ಕಾಣುತ್ತದೆ. ಹೆಸರು ಬಾರದಿದ್ದರೆ ಕಾರಣ ಸಾಮಾನ್ಯವಾಗಿ ಮಿಕ್ಸಿ, ಫ್ಯಾನು ಅಥವಾ ಮೈಕಿನ ತೂತು ಮುಚ್ಚಿದ ನಿಮ್ಮ ಬೆರಳು. ಆ್ಯಪ್ ತಪ್ಪುವುದೂ ಉಂಟು, ಆದ್ದರಿಂದ ಹಕ್ಕಿಯನ್ನು ಹುಡುಕಿ ನೋಡಿ. ಗಂಡು ಕಪ್ಪು, ಕೆಂಪು ಕಣ್ಣು. ಹೆಣ್ಣು ಕಂದು, ಮೈತುಂಬ ಬಿಳಿ ಚುಕ್ಕೆ. ‘ಕುಹೂ’ ಅನ್ನುವುದು ಗಂಡು. ಹೆಣ್ಣಿನದು ‘ಕಿಕ್ ಕಿಕ್’ ಎಂಬ ಚೀರಾಟ. ಗಾಯಕಿಯರಿಗೆ ಕೋಗಿಲೆ ಬಿರುದು ಕೊಡುವ ನಮಗೆ ಇದು ಸ್ವಲ್ಪ ಮುಜುಗರದ ಸಂಗತಿ!

ರೆಕಾರ್ಡ್ ಮಾಡಿದ ಕೂಗನ್ನು ಹೊರಗೆ ಜೋರಾಗಿ ಹಾಕಬೇಡಿ. ಎದುರಾಳಿ ಬಂದನೆಂದು ಹಕ್ಕಿ ಗಾಬರಿಯಾಗುತ್ತದೆ.

ಹಂತ 3: ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಲ್ಲಿ ಭಾಷೆ ಕನ್ನಡ, ಮಟ್ಟ 1 ಆರಿಸಿ, ‘ಹಕ್ಕಿ’ ಎಂದು ಹುಡುಕಿ. ಒಂದೇ ಪುಸ್ತಕ ಸಾಕು. ಪಿಡಿಎಫ್ ಇಳಿಸಿಕೊಂಡು ಇಂಟರ್ನೆಟ್ ಆಫ್ ಮಾಡಿ ಓದಿ. ಇಲ್ಲದಿದ್ದರೆ ನಡುವೆ ವಾಟ್ಸ್‌ಆ್ಯಪ್ ಸದ್ದಾಗಿ ನಿಮ್ಮ ಗಮನವೇ ಮೊದಲು ಹಾರಿಹೋಗುತ್ತದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮನೆಯಲ್ಲಿ ಚಿಕ್ಕವರಿದ್ದರೆ ನೆನಪಿರಲಿ.

ಹಂತ 4: ಈಗ ಪೀಪಿ. ಕಸದಿಂದ ಆಟಿಕೆ ಮಾಡುವುದನ್ನು ಅರವಿಂದ ಗುಪ್ತಾ ಅವರ ತಾಣ ಹಂತಹಂತವಾಗಿ ಚಿತ್ರಗಳಲ್ಲಿ ತೋರಿಸುತ್ತದೆ. ಸ್ಟ್ರಾ ಪೀಪಿಗೆ ಮೂರ್ನಾಲ್ಕು ಕಾಗದದ ಸ್ಟ್ರಾ ಇಟ್ಟುಕೊಳ್ಳಿ, ಎಂಜಲಿಗೆ ಬೇಗ ಮೆತ್ತಗಾಗುತ್ತವೆ. ಒಂದು ತುದಿಯ 2 ಸೆಂ.ಮೀ. ಭಾಗವನ್ನು ಉಗುರಿನಿಂದ ತೀಡಿ ಚಪ್ಪಟೆ ಮಾಡಿ, ಎರಡೂ ಮೂಲೆಗಳನ್ನು ಓರೆಯಾಗಿ ಕತ್ತರಿಸಿ ಕೊಕ್ಕಿನಂತೆ ಮಾಡಿ. ಕೊಕ್ಕು ಪೂರ್ತಿ ಬಾಯೊಳಗಿರಬೇಕು. ತುಟಿ ಅದರ ಹಿಂದೆ ಮೆಲ್ಲಗೆ ಒತ್ತಬೇಕು. ಜೋರಾಗಿ ಊದಲಿ. ಬರೀ ಗಾಳಿ ಬಂದರೆ ಕೊಕ್ಕು ಸಾಕಷ್ಟು ಚಪ್ಪಟೆಯಾಗಿಲ್ಲ, ಇಲ್ಲವೇ ತುಟಿ ಅದನ್ನು ಮುಚ್ಚಿಬಿಟ್ಟಿದೆ. ಸದ್ದು ಬಂದ ಮೇಲೆ ಇನ್ನೊಂದು ತುದಿಯನ್ನು ನೀವೇ ಒಂದೊಂದು ಸೆಂ.ಮೀ. ಕತ್ತರಿಸುತ್ತಾ ಬನ್ನಿ. ಒಳಗಿನ ಗಾಳಿಯ ಕಂಬ ಗಿಡ್ಡವಾದಂತೆ ಸ್ವರ ಏರುತ್ತದೆ.

ಕೋಗಿಲೆ ಗಂಟಲು ಕತ್ತರಿಸಿಕೊಳ್ಳದೆ ಸ್ವರ ಏರಿಸುವುದು ಹೇಗೆ ಎಂದು ಮಗು ಕೇಳಿಯೇ ಕೇಳುತ್ತದೆ. ಹಕ್ಕಿಯ ಶ್ವಾಸನಾಳದ ಬುಡದಲ್ಲಿ ತೆಳುಪೊರೆಗಳಿವೆ, ಸ್ನಾಯುಗಳು ಅವನ್ನು ಬಿಗಿ ಮಾಡುತ್ತವೆ. ಮೊಬೈಲ್ ಬೇಡ, ರಬ್ಬರ್ ಬ್ಯಾಂಡ್ ತನ್ನಿ. ಮೇಜಿನ ಡ್ರಾಯರಿನ ಹಿಡಿಗೆ ಸಿಕ್ಕಿಸಿ ಎಳೆದು ಹಿಡಿದು ಮೀಟಲಿ. ಇನ್ನಷ್ಟು ಎಳೆದು ಮತ್ತೆ ಮೀಟಲಿ.