ಅಪ್ರೆಂಟಿಸ್ ತರಬೇತಿಗೆ ಸೇರುವ ಮುನ್ನ: ವಿಕಲಚೇತನ ಯುವಜನರಿಗೂ ಪೋಷಕರಿಗೂ ಒಂದು ಕೈಪಿಡಿ

ಎಸ್ಸೆಸ್ಸೆಲ್ಸಿಯನ್ನೋ ಐಟಿಐಯನ್ನೋ ಮುಗಿಸಿದ ಮಕ್ಕಳನ್ನು ‘ಕೆಲಸ ಕಲಿಯಲಿ’ ಎಂದು ಪರಿಚಯದವರ ಕಾರ್ಖಾನೆಗೆ ಕಳುಹಿಸುವುದಕ್ಕೂ, 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಸೇರಿಸುವುದಕ್ಕೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಮಾಲೀಕರ ಬಾಯಿಮಾತೇ ಆಧಾರ; ಎರಡನೆಯದರಲ್ಲಿ ಲಿಖಿತ ಒಪ್ಪಂದ, ಶಿಷ್ಯವೇತನ ಮತ್ತು ಪ್ರಮಾಣಪತ್ರ ಇರುತ್ತವೆ. ಈ ತರಬೇತಿಗೆ ಕನಿಷ್ಠ ವಯಸ್ಸು 14 ವರ್ಷ. ಅಪಾಯಕಾರಿ ಉದ್ದಿಮೆಗಳಲ್ಲಿ 18. ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎಂಬ ನಿಯಮವಿರುವುದರಿಂದ ಅವಕಾಶ ಕೇಳಲು ಸಂಕೋಚಪಡಬೇಕಾಗಿಲ್ಲ.

ಐಟಿಐ ಮತ್ತು ಶಾಲಾ ಶಿಕ್ಷಣ ಮುಗಿಸಿದವರು ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಇಂಡಿಯಾ ಜಾಲತಾಣದಲ್ಲಿಯೂ, ಡಿಪ್ಲೊಮಾ ಮತ್ತು ಪದವಿ ಪಡೆದವರು ಸಾಮಾನ್ಯವಾಗಿ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ) ಜಾಲತಾಣದಲ್ಲಿಯೂ ಹೆಸರು ನೋಂದಾಯಿಸಬೇಕು. ಅದಕ್ಕೂ ಮೊದಲು ಆಧಾರ್, ಅಂಕಪಟ್ಟಿ ಮತ್ತು ಬ್ಯಾಂಕ್ ಖಾತೆಯಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ. ಇನಿಷಿಯಲ್ ಹಿಂದುಮುಂದಾದರೂ ಅರ್ಜಿ ತಡವಾಗುತ್ತದೆ.

ವಿಕಲಚೇತನರು ಇದರ ಜೊತೆಗೆ ಯುಡಿಐಡಿ ಕಾರ್ಡನ್ನು, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯನ್ನು, ಮಾಡಿಸಿಟ್ಟುಕೊಳ್ಳಬೇಕು. ಹಳ್ಳಿಯಲ್ಲಿರುವವರಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈ ವಿಷಯದಲ್ಲಿ ಮಾರ್ಗದರ್ಶನ ನೀಡುತ್ತಾರೆ. ಮೀಸಲಾತಿಯ ಸೌಲಭ್ಯಕ್ಕೆ ಸಾಮಾನ್ಯವಾಗಿ ಕನಿಷ್ಠ ಶೇ. 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕಾಗುತ್ತದೆ. ಹುಬ್ಬಳ್ಳಿ, ಮೈಸೂರು ಕಾರ್ಯಾಗಾರಗಳನ್ನು ಹೊಂದಿರುವ ನೈರುತ್ಯ ರೈಲ್ವೆಯ ಅಪ್ರೆಂಟಿಸ್ ಆಯ್ಕೆಯು ಲಿಖಿತ ಪರೀಕ್ಷೆಯಿಲ್ಲದೆ ಅಂಕಗಳ ಆಧಾರದ ಮೇಲೆ ನಡೆಯುತ್ತದೆ. ವಿಕಲಚೇತನರಿಗೆ ಗರಿಷ್ಠ ವಯೋಮಿತಿಯಲ್ಲಿ 10 ವರ್ಷಗಳ ಸಡಿಲಿಕೆಯೂ ಇದೆ.

ವೃತ್ತಿಯನ್ನು ಆರಿಸುವಾಗ ವೈಕಲ್ಯದ ಹೆಸರನ್ನು ನೋಡಿ ತೀರ್ಮಾನಿಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಕಿವಿ ಕೇಳದವರಿಗೆ ಟೈಲರಿಂಗ್, ಕಾಲಿನ ತೊಂದರೆ ಇರುವವರಿಗೆ ಕಂಪ್ಯೂಟರ್ ಎಂದು ಮೊದಲೇ ಹಣೆಪಟ್ಟಿ ಹಚ್ಚುವ ಬದಲು, ಸಾಧ್ಯವಾದರೆ ಅಭ್ಯರ್ಥಿಯೊಡನೆ ಕೆಲಸದ ಸ್ಥಳಕ್ಕೆ ಹೋಗಿ, ಯಂತ್ರ ನಿಂತಿತೆಂಬ ಸೂಚನೆ ದೀಪದಿಂದ ಬರುತ್ತದೆಯೋ ಬರೀ ಸದ್ದಿನಿಂದಲೋ, ಶೌಚಾಲಯಕ್ಕೆ ಎಷ್ಟು ಮೆಟ್ಟಿಲು, ಬಸ್ ನಿಲ್ದಾಣ ಎಷ್ಟು ದೂರ, ಹೇಳಿಕೊಡುವ ಮೇಸ್ತ್ರಿ ಒಬ್ಬರೇ ಇರುತ್ತಾರೋ ದಿನಕ್ಕೊಬ್ಬರು ಬದಲಾಗುತ್ತಾರೋ ಎಂಬುದನ್ನು ಗಮನಿಸಬೇಕು. ಬೌದ್ಧಿಕ ವೈಕಲ್ಯ ಅಥವಾ ಆಟಿಸಂ ಇರುವವರ ವಿಷಯದಲ್ಲಿ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಮುಖ್ಯವಾಹಿನಿಯ ವೃತ್ತಿ ತರಬೇತಿ ಯೋಜನೆಗಳಲ್ಲಿ ವಿಕಲಚೇತನರನ್ನು ಒಳಗೊಳ್ಳಬೇಕು, ಅವರಿಗೆ ಅಗತ್ಯ ನೆರವು ದೊರೆಯುವಂತೆ ನೋಡಿಕೊಳ್ಳಬೇಕು ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 19ನೆಯ ಕಲಂ ಹೇಳುತ್ತದೆ. ಆದ್ದರಿಂದ ಬೇಕಾದ ಅನುಕೂಲಗಳನ್ನು ಸೇರುವ ಮುನ್ನವೇ ಪತ್ರದಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ದಯೆ ತೋರಿಸಿ ಎಂಬ ಧಾಟಿ ಬೇಡ. ‘ಸೂಚನೆಗಳನ್ನು ಬರೆದುಕೊಡಬೇಕು’ ಎಂಬಂತಹ ನೇರ ವಾಕ್ಯ ಸಾಕು.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವೃತ್ತಿಯ ಹೆಸರು, ಅವಧಿ ಮತ್ತು ಶಿಷ್ಯವೇತನವನ್ನು ಓದಿ ನೋಡಿ. ಅಪ್ರಾಪ್ತ ವಯಸ್ಕರ ಪರವಾಗಿ ಪೋಷಕರು ಸಹಿ ಮಾಡಬೇಕು. ಉದ್ಯೋಗದಾತರು ಒಪ್ಪಂದದ ವಿವರಗಳನ್ನು ಏಳು ದಿನಗಳೊಳಗೆ ಜಾಲತಾಣದಲ್ಲಿ ದಾಖಲಿಸಬೇಕಾಗಿರುವುದರಿಂದ, ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಯೇ ಎಚ್ಚರವಾಗಬೇಕು. ಕನಿಷ್ಠ ಶಿಷ್ಯವೇತನವನ್ನು 2019ರ ನಿಯಮಗಳು ವಿದ್ಯಾರ್ಹತೆಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿಗಳೆಂದು ನಿಗದಿಪಡಿಸಿದ್ದವು. ಸೇರುವ ಹೊತ್ತಿನ ದರವನ್ನು ಜಾಲತಾಣದಲ್ಲಿ ಪರಿಶೀಲಿಸಿ. ಪೀಸ್ ಲೆಕ್ಕದಲ್ಲಿ, ಅಂದರೆ ಮಾಡಿದ ವಸ್ತುಗಳ ಎಣಿಕೆಗೆ ತಕ್ಕಂತೆ, ಹಣ ಕೊಡುವುದನ್ನು ಕಾಯ್ದೆಯ 13ನೆಯ ಕಲಂ ಸ್ಪಷ್ಟವಾಗಿ ನಿಷೇಧಿಸುತ್ತದೆ, ಮತ್ತು ನಿಧಾನವಾಗಿ ಕಲಿಯುವವರಿಗೆ ಇದು ದೊಡ್ಡ ರಕ್ಷಣೆ. ಅಪ್ರೆಂಟಿಸ್‌ಗಳು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುವುದಿಲ್ಲವಾದರೂ ತರಬೇತಿಯ ವೇಳೆ ಗಾಯವಾದರೆ ಪರಿಹಾರ ನೀಡುವ ಹೊಣೆ ಉದ್ಯೋಗದಾತರದ್ದೇ.

ಅವಧಿ ಮುಗಿದ ಮೇಲೆ ಅಲ್ಲಿಯೇ ನೌಕರಿ ಕೊಡಬೇಕೆಂಬ ನಿರ್ಬಂಧ ಕಾನೂನಿನಲ್ಲಿಲ್ಲ. ಆದ್ದರಿಂದ ಅಂತಿಮ ಪರೀಕ್ಷೆಯನ್ನು ತಪ್ಪಿಸದೆ ಬರೆದು ಪ್ರಮಾಣಪತ್ರ ಪಡೆಯಬೇಕು. ರೈಲ್ವೆಯಲ್ಲಿ ತರಬೇತಿ ಮುಗಿಸಿದವರಿಗೆ ಅದರ ಲೆವೆಲ್ 1 (ಅತ್ಯಂತ ಕೆಳಗಿನ ವೇತನ ಶ್ರೇಣಿಯ) ನೇಮಕಾತಿಯಲ್ಲಿ ಶೇ. 20ರಷ್ಟು ಹುದ್ದೆಗಳನ್ನು ಮೀಸಲಿಡುವ ಪದ್ಧತಿಯಿದೆ, ಮತ್ತು ಅಲ್ಲಿ ಅರ್ಜಿ ಹಾಕುವಾಗ ಮೊದಲು ಕೇಳುವುದು ಈ ಪ್ರಮಾಣಪತ್ರವನ್ನೇ.