ಕಿರೀಟವಿಲ್ಲದ ರಾಯ: ಕಾಮಿಕ್ ಕಾನ್‌ಗೆ ನಾನು ಹೊಲಿದ ಕುಳ್ಳಾಯಿ

ಕೃಷ್ಣದೇವರಾಯನ ವೇಷ ಬೇಕು ಅಂತ ಬಾಡಿಗೆ ಅಂಗಡಿಗೆ ಹೋದರೆ ಸಿಗುವುದು ಸಾಮಾನ್ಯವಾಗಿ ಒಂದೇ ಸೆಟ್ಟು: ಚಿನ್ನದ ಬಣ್ಣದ ಕಿರೀಟ, ಕೆಂಪು ವೆಲ್ವೆಟ್ ಕೋಟು, ಭುಜಕೀರ್ತಿ, ಪ್ಲಾಸ್ಟಿಕ್ ಕತ್ತಿ. ಶಾಲೆಯ ಛದ್ಮವೇಷಕ್ಕೆ ಅದು ಸಾಕು. ನನಗೆ ಬೇಕಾಗಿದ್ದ ರಾಯ ಬೇರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತಾನು ಕಣ್ಣಾರೆ ಕಂಡ ರಾಯನ ಉಡುಪನ್ನು ಬರೆದಿಟ್ಟಿದ್ದಾನೆ. ಚಿನ್ನದ ಗುಲಾಬಿಗಳ ಕಸೂತಿ ಇರುವ ಬಿಳಿ ಬಟ್ಟೆ, ಕೊರಳಲ್ಲಿ ಬೆಲೆಬಾಳುವ ವಜ್ರದ ಪದಕ, ತಲೆಯ ಮೇಲೆ ಜರತಾರಿ ಟೋಪಿ, ಟೋಪಿಯ ಮೇಲೊಂದು ನವಿರಾದ ರೇಷ್ಮೆ, ಕಾಲಿಗೆ ಏನೂ ಇಲ್ಲ. ಕಿರೀಟದ ಸುದ್ದಿಯೇ ಎತ್ತುವುದಿಲ್ಲ. ಈ ರಾಯನನ್ನು, ಕಾಮಿಕ್ಸ್ ಸಿನಿಮಾ ಪಾತ್ರಗಳ ವೇಷ ತೊಟ್ಟು ಜನ ಸೇರುವ, ವೇದಿಕೆಯ ಮೇಲೆ ವೇಷದ ಸ್ಪರ್ಧೆಯೂ ನಡೆಯುವ ಮೇಳವಾದ ಬೆಂಗಳೂರು ಕಾಮಿಕ್ ಕಾನ್‌ಗೆ ಕರೆದುಕೊಂಡು ಹೋಗಲೇಬೇಕು ಅಂತ ಹಠ ಹಿಡಿದೆ.

ಆ ಟೋಪಿಯೇ ಕುಳ್ಳಾಯಿ. ಪಾಯೆಸ್ ನಂತರ ಬಂದ ಕುದುರೆ ವ್ಯಾಪಾರಿ ನೂನಿಜ್ ಅದನ್ನು ಹೆಸರು ಹಿಡಿದೇ ಹೇಳುತ್ತಾನೆ, ಬೆಲೆಯನ್ನೂ ಕೊಡುತ್ತಾನೆ: ಒಂದಕ್ಕೆ ಇಪ್ಪತ್ತು ಕ್ರುಸಾಡೊ, ಅಂದರೆ ಪೋರ್ಚುಗೀಸರ ಚಿನ್ನದ ನಾಣ್ಯ. ಪರ್ಷಿಯಾ ಕಡೆಯ ಆಸ್ಥಾನಗಳ ಉಡುಪು ದಖ್ಖನ್ನಿನ ಸುಲ್ತಾನರ ಮೂಲಕ, ವ್ಯಾಪಾರಿಗಳ ಮೂಲಕ, ರಾಯಭಾರಿಗಳ ಮೂಲಕ ನಮ್ಮ ಅರಮನೆಗೂ ಬಂತು. 1443ರಲ್ಲಿ ಈಗಿನ ಅಫ್ಘಾನಿಸ್ತಾನದ ಹೆರಾತ್‌ನಿಂದ ಬಂದ ರಾಯಭಾರಿ ಅಬ್ದುರ್ ರಜಾಕ್ ಎರಡನೇ ದೇವರಾಯನನ್ನು ಕಂಡಾಗ ಅವನ ಮೈಮೇಲೆ ಸ್ಯಾಟಿನ್ ನಿಲುವಂಗಿ ಇತ್ತು. ತೆಲುಗು ಕವಿ ಶ್ರೀನಾಥನ ಹೆಸರಿನಲ್ಲಿ ಒಂದು ಚಾಟುಪದ್ಯ ಉಳಿದಿದೆ; ಕನ್ನಡ ದೊರೆಯ ಆಸ್ಥಾನಕ್ಕೆ ಹೋಗಲು ಕುಳ್ಳಾಯಿ ಇಟ್ಟೆ, ಉದ್ದನೆಯ ಅಂಗಿ ತೊಟ್ಟೆ ಅಂತ ಅದರಲ್ಲಿ ಕವಿ ಗೊಣಗುತ್ತಾನೆ. ಅಂದರೆ ರಾಯರ ಮುಂದೆ ನಿಲ್ಲಬೇಕಾದರೆ ಕವಿಯಾದರೂ ಹೀಗೆ ತೊಟ್ಟು ಬರಬೇಕಿತ್ತು. ನನಗೆ ಈ ಸಂಗತಿ ತುಂಬ ಇಷ್ಟ. ಹಂಪೆಯ ವೈಭವ ಅಂದರೆ ಬರೀ ಕಲ್ಲಲ್ಲ, ಜಗತ್ತಿನ ಫ್ಯಾಷನ್ ಗೊತ್ತಿದ್ದ ಊರು ಅದು.

ಆಕಾರ ಹುಡುಕಲು ಲೇಪಾಕ್ಷಿಗೆ ಹೋದೆ. ಹಿಂದೂಪುರದ ಹತ್ತಿರ, ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ಸಾಗಬಹುದು. ವೀರಭದ್ರ ದೇವಸ್ಥಾನದ ಚಾವಣಿಯ ಚಿತ್ರಗಳು ಕೃಷ್ಣದೇವರಾಯನ ನಂತರ ಆಳಿದ ಅಚ್ಯುತರಾಯನ ಕಾಲದವು. ದೇವಸ್ಥಾನ ಕಟ್ಟಿಸಿದ ವಿರೂಪಣ್ಣ, ವೀರಣ್ಣ ಅಣ್ಣತಮ್ಮಂದಿರು ಪರಿವಾರದ ಜೊತೆ ವಿಭೂತಿ ಸ್ವೀಕರಿಸುತ್ತಾ ನಿಂತಿದ್ದಾರೆ, ಸಾಲಾಗಿ ಎಲ್ಲರ ತಲೆಯ ಮೇಲೂ ಕುಳ್ಳಾಯಿ. ಮೇಲೆ ನೋಡಿ ನೋಡಿ ಕತ್ತು ನೋಯುತ್ತದೆ, ಆದರೆ ಫೋಟೊ ನೋಡಿದರೆ ತಿಳಿಯದ್ದು ಅಲ್ಲಿ ತಿಳಿಯುತ್ತದೆ: ಟೋಪಿ ಹಣೆಯ ಪಟ್ಟಿಯಿಂದ ನೆಟ್ಟಗೆ ಏಳುತ್ತದೆ, ಚೂಪಾಗುವುದಿಲ್ಲ, ತುದಿಗೆ ಬಂದಾಗ ದುಂಡಗಾಗಿ ಮುಗಿಯುತ್ತದೆ. ಹುಟ್ಟುಹಬ್ಬದ ಟೋಪಿಯ ಹಾಗೆ ಕೋನ ಮಾಡಿದರೆ ಎಲ್ಲ ಹಾಳು. ತಿರುಮಲೆ ದೇವಸ್ಥಾನದೊಳಗೆ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಲೋಹದ ಕೃಷ್ಣದೇವರಾಯನ ತಲೆಯ ಮೇಲೂ ಎತ್ತರದ ಟೋಪಿಯೇ ಇದೆ. ಅಲ್ಲಿ ಅಂಗಿ ಮಾತ್ರ ಇಲ್ಲ, ದೇವರ ಮುಂದೆ ಬರಿಮೈ. ನಾನು ಆಸ್ಥಾನದ ರಾಯನಾಗುವವನು, ಹಾಗಾಗಿ ಅಂಗಿ ಬೇಕೇಬೇಕು.

ಟೋಪಿಗೆ ಬಟ್ಟೆ ಆರಿಸುವುದೇ ದೊಡ್ಡ ಕೆಲಸ. ಚಿಕ್ಕಪೇಟೆಯ ಬನಾರಸಿ ಬ್ರೊಕೇಡ್ ಚೆನ್ನಾಗಿದೆ, ಆದರೆ ಹೂವು ದೊಡ್ಡದು. ಕಿರಿದಾದ ಪಟ್ಟಿಯಲ್ಲಿ ಅರ್ಧಕ್ಕೇ ತುಂಡಾಗುತ್ತದೆ. ಕೊನೆಗೆ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸಕ್ಕೆಂದು ನೇಯುವ ಬಟ್ಟೆ, ತೆಗೆದುಕೊಂಡೆ. ಅದು ಹದಿನಾರನೇ ಶತಮಾನದ ಜರತಾರಿ ಅಲ್ಲ, ಆದರೂ ಆ ಸಣ್ಣ ಸಣ್ಣ ಬುಟ್ಟಾ ಟೋಪಿಯ ಅಳತೆಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ಮಗ್ಗದ ಬಟ್ಟೆಯ ಹೊಳಪೂ ಕಣ್ಣಿಗೆ ಹೊಡೆಯುವುದಿಲ್ಲ.

ನನ್ನ ತಲೆಯ ಸುತ್ತಳತೆ 23 ಇಂಚು. ಅಸ್ತರಿಗೆಂದು ಅರ್ಧ ಇಂಚು ಸೇರಿಸಿ ನಾಲ್ಕು ಭಾಗ ಮಾಡಿದೆ. ಹೊಲಿಗೆಗೆ ಎರಡೂ ಪಕ್ಕ ಅರ್ಧರ್ಧ ಇಂಚು ಬಿಟ್ಟರೆ ಒಂದೊಂದು ಪಟ್ಟಿಯ ಬುಡ ಸುಮಾರು 7 ಇಂಚು, ಎತ್ತರ 12 ಇಂಚು. ಪಟ್ಟಿಯ ಅಂಚು 7 ಇಂಚಿನವರೆಗೆ ಹೆಚ್ಚುಕಡಿಮೆ ನೇರ, ಆಮೇಲೆ ಬಾಳೆಮೂತಿಯ ಎಸಳಿನ ಹಾಗೆ ಒಳಕ್ಕೆ ಬಾಗುತ್ತದೆ. ಮೊದಲು ನ್ಯೂಸ್‌ಪೇಪರಿನಲ್ಲಿ ಕತ್ತರಿಸಿ, ಅಂಟಿಸಿ, ಕನ್ನಡಿ ಮುಂದೆ ಹಾಕಿ ನೋಡಿದೆ. ಟೋಪಿ ನೆಟ್ಟಗೆ ನಿಲ್ಲಲು ಒಳಗೆ ಬಕ್ರಂ, ಅಂದರೆ ಬಿರುಸಾದ ಬಟ್ಟೆ, ಇಡಬೇಕು. ಬಾಗಲಕೋಟೆಯಲ್ಲಿರುವ ನಮ್ಮ ದೊಡ್ಡವ್ವ ಮನೆತನದ ಮಕ್ಕಳಿಗೆಲ್ಲ ಕುಂಚಿಗೆ ಕುಲಾವಿ ಹೊಲಿದುಕೊಟ್ಟವರು. ವಿಡಿಯೊ ಕಾಲ್‌ನಲ್ಲಿ ಪಟ್ಟಿಗಳನ್ನು ತಿರುಗಿಸಿ ತೋರಿಸಿದಾಗ ಅವರು ಹೇಳಿದ್ದು, “ಬಕ್ರಂ ತುದಿತನಾ ಒಯ್ಯಬ್ಯಾಡ ತಮ್ಮಾ. ನಾಕು ಹೊಲಿಗಿ ಕೂಡೂ ಕಡೆ ಅರಿವಿ ತಾನಾ ಬಿರುಸಾಗ್ತೈತಿ.” ಅಷ್ಟೇ ಮಾತು, ಟೋಪಿ ಅದರಿಂದ ಗೆದ್ದಿತು. ಬುಡದಿಂದ 8 ಇಂಚಿನವರೆಗೆ ಎರಡು ಪದರ ಬಕ್ರಂ, ಮೇಲೆ ಬರೀ ಖಣ ಮತ್ತು ಅಸ್ತರು. ತುದಿಯಲ್ಲಿ ಹೊಲಿಗೆಯ ಮಡಿಕೆಗಳನ್ನು ಚಿಕ್ಕದಾಗಿ ಕತ್ತರಿಸಿ ಬಿಡಿಸಿಟ್ಟರೆ ದುಂಡು ತಾನಾಗಿ ಬರುತ್ತದೆ. ಒಳಗೆ ಹಣೆಗೆ ತಾಗುವ ಕಡೆ ಹತ್ತಿಯ ಪಟ್ಟಿಯೊಂದನ್ನು ದೊಡ್ಡ ಟಾಕಿನಲ್ಲಿ ಹಿಡಿಸಿದ್ದೇನೆ, ಬೆವರು ಅದಕ್ಕೇ ಇಳಿಯುತ್ತದೆ, ಬಿಚ್ಚಿ ಒಗೆಯಬಹುದು. ಪಾಯೆಸ್ ಹೇಳಿದ ನವಿರು ರೇಷ್ಮೆಗೆ ಅಮ್ಮನ ಹಳೆಯ ಸೀರೆಯ ಒಡಲು.

ನಿಲುವಂಗಿಗೆ, ಅಂದರೆ ಕಬಾಯಿಗೆ, ಬಿಳಿ ಮಲ್ ಬಟ್ಟೆ, ಅಂದರೆ ತೆಳು ಹತ್ತಿ. ಉದ್ದ ತೋಳು, ಮಂಡಿ ದಾಟುವ ಉದ್ದ, ಕಂಕುಳಲ್ಲಿ ಚೌಕದ ತುಂಡು, ಕಟ್ಟಲು ಗುಂಡಿಯ ಬದಲು ಕಸೆ. ಕಂಕುಳ ಚೌಕ ಬಿಟ್ಟರೆ ಕೈ ಎತ್ತಿದಾಗೆಲ್ಲ ಇಡೀ ಅಂಗಿ ಎದ್ದು ಬರುತ್ತದೆ. ವೇದಿಕೆಯ ಮೇಲೆ ಕೈಮುಗಿಯುವವರು ಇದನ್ನು ಮರೆಯಬಾರದು. ಒಳಗೆ ಪಂಚೆ ಕಚ್ಚೆ.

ಗುಲಾಬಿಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನನಗೆ ಅತಿ ಹೆಚ್ಚು ಸುಖ ಕೊಟ್ಟದ್ದು ಅವೇ. ಆರಿ ವರ್ಕ್‌ನವರಿಗೆ ಕೊಟ್ಟಿದ್ದರೆ ಬೇಗ ಆಗುತ್ತಿತ್ತು. ಆದರೆ ಬ್ಲೌಸಿನ ರೇಷ್ಮೆ ತಡೆಯುವ ಎಳೆತವನ್ನು ಮಲ್ ತಡೆಯುವುದಿಲ್ಲ, ಜರಿ ಒಳಗೆ ಹೊರಗೆ ಹೋದಷ್ಟೂ ಬಟ್ಟೆ ಸುಕ್ಕುಗಟ್ಟುತ್ತದೆ. ಹಾಗಾಗಿ ಜರಿಯನ್ನು ಬಟ್ಟೆಯೊಳಗೆ ತೂರಿಸಲೇ ಇಲ್ಲ. ಮಲ್ಲಿನ ಹಿಂದೆ ಇನ್ನೊಂದು ಮಲ್ ತುಂಡು ಇಟ್ಟು, ರಿಂಗಿಗೆ ಬಿಗಿದು, ಪೆನ್ಸಿಲಿನಲ್ಲಿ ಐದು ಎಸಳು ಬರೆದು, ಜರಿಯ ಎರಡು ಎಳೆ ಗೆರೆಯ ಮೇಲೆ ಮಲಗಿಸಿ, ಹಳದಿ ರೇಷ್ಮೆ ನೂಲಿನಿಂದ ಸಣ್ಣ ಸಣ್ಣ ಅಡ್ಡ ಟಾಕು ಹಾಕುತ್ತಾ ಹೋದೆ. ಎಸಳಿನ ತುದಿಯಲ್ಲಿ ಜರಿ ತಿರುಗುವಾಗ ಒಂದು ಟಾಕು ಹೆಚ್ಚು, ಇಲ್ಲದಿದ್ದರೆ ಮೊನೆ ಮೊಂಡಾಗುತ್ತದೆ. ಜರಿಯ ಎರಡು ಕೊನೆಗಳನ್ನು ಮಾತ್ರ ದಪ್ಪ ಸೂಜಿಯಲ್ಲಿ ಹಿಂದಕ್ಕೆ ಎಳೆದು ಕಟ್ಟಬೇಕು. ರಾತ್ರಿ ಊಟ ಆದ ಮೇಲೆ ಒಂದು ಹೂವು, ಅಷ್ಟೇ. ಅಂಗಿಯ ತುಂಬ ಒತ್ತಾಗಿ ಹಾಕದೆ ಬಿಡಿಬಿಡಿಯಾಗಿ ಹಾಕಿದೆ, ನಡೆದಾಗ ಒಂದೊಂದೇ ಮಿನುಗಲಿ ಅಂತ.

ಕಾಲಿನ ವಿಷಯಕ್ಕೂ ಪಾಯೆಸನೇ ದಾರಿ ತೋರಿಸಿದ. ರಾಯನಿರುವ ಕಡೆ ಎಲ್ಲರೂ ಬರಿಗಾಲು. ಹೊರಗೆ ಕೆಲವರು ಬರೀ ಅಟ್ಟೆ ಮತ್ತು ಮೇಲೆ ಪಟ್ಟಿ ಇರುವ ಪಾದರಕ್ಷೆ ಹಾಕುತ್ತಿದ್ದರಂತೆ. ಎಕ್ಸಿಬಿಷನ್ ಹಾಲಿನ ಕಾಂಕ್ರೀಟಿನ ಮೇಲೆ ಇಡೀ ದಿನ ಬರಿಗಾಲು ಆಗದ ಮಾತು. ಆದ್ದರಿಂದ ಚರ್ಮದ ಪಟ್ಟಿ ಚಪ್ಪಲಿ, ವೇದಿಕೆ ಹತ್ತುವಾಗ ಮಾತ್ರ ಬರಿಗಾಲು.

ಕಾಮಿಕ್ ಕಾನ್ ನಡೆದದ್ದು ವೈಟ್‌ಫೀಲ್ಡಿನ ಕೆಟಿಪಿಒ ಪ್ರದರ್ಶನ ಕೇಂದ್ರದಲ್ಲಿ. ಟೋಪಿಯನ್ನು ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಳಗೆ ಟವೆಲ್ ತುಂಬಿ, ಮೆಟ್ರೊದಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದೆ. ಚೀಲದಲ್ಲಿ ಸೂಜಿ, ಬಿಳಿ ದಾರ, ಪಿನ್ನು, ಎರಡು ಮೀಟರ್ ಲಾಡಿ. ಕತ್ತಿ ಒಯ್ಯಲಿಲ್ಲ, ಪಾಯೆಸನ ವರ್ಣನೆಯಲ್ಲಿ ಇಲ್ಲ, ಬಾಗಿಲಲ್ಲಿ ಆಯುಧಗಳ ತಪಾಸಣೆಗೆ ನಿಲ್ಲುವ ಕೆಲಸವೂ ಉಳಿಯಿತು.

ಸೂಪರ್‌ಹೀರೊಗಳು, ಅನಿಮೆ ಪಾತ್ರಗಳ ನಡುವೆ ಬಿಳಿ ಅಂಗಿಯ ಒಬ್ಬ ಎಲ್ಲಿ ಕಾಣುತ್ತಾನೆ ಅಂದುಕೊಳ್ಳಬಹುದು. ಕಾಣುತ್ತಾನೆ, ಟೋಪಿ ಎಲ್ಲರಿಗಿಂತ ಒಂದು ಗೇಣು ಮೇಲಿರುತ್ತದೆ. ಶನಿವಾರ ಬೆಳಿಗ್ಗೆಯೇ ಒಬ್ಬ ಪುಟ್ಟ ಹುಡುಗ ಅಪ್ಪನ ಕೈಬಿಡಿಸಿಕೊಂಡು ಬಂದು, “ಅಂಕಲ್, ನೀವು ಅಲಾದ್ದೀನಾ?” ಅಂದ. “ಅಲ್ಲ ಪುಟ್ಟ, ಹಂಪೆ ರಾಜ,” ಅಂದೆ. “ಮತ್ತೆ ಕಿರೀಟ?” ಅಂತ ಕೇಳಿಯೇಬಿಟ್ಟ. ಮಂಡಿಯೂರಿ ಕೂತು, ಫೋನಿನಲ್ಲಿದ್ದ ಲೇಪಾಕ್ಷಿಯ ಚಿತ್ರ ತೋರಿಸಿದೆ. ಅವನು ಚಿತ್ರದ ಟೋಪಿಗಳನ್ನು ಬೆರಳಿಟ್ಟು ಎಣಿಸುತ್ತಿದ್ದರೆ ಅವರಪ್ಪ, “ಸಾರ್, ನಾವು ಹೊಸಪೇಟೆಯವರು, ನಮಗೇ ಇದು ಗೊತ್ತಿರಲಿಲ್ಲ,” ಅಂದರು. ನನ್ನ ವಾರಾಂತ್ಯ ಅಲ್ಲೇ ಸಾರ್ಥಕವಾಯಿತು. ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದಿನ ಬಟ್ಟೆಯನ್ನು ಯಾರೂ ಮುಟ್ಟುವಂತಿಲ್ಲ. ಇಲ್ಲಿ ಜನ ತೋಳು ಹಿಡಿದು ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ.

ಕೈಕೆಲಸ ಬಲ್ಲವರ ಜೊತೆಗಿನ ಮಾತು ಇನ್ನೊಂದು ಹಬ್ಬ. ಇವಿಎ ಫೋಮಿನಲ್ಲಿ, ಅಂದರೆ ಹಗುರವಾದ ಮೆತ್ತನೆ ಹಾಳೆಯಲ್ಲಿ, ಇಡೀ ಕವಚ ಮಾಡಿಕೊಂಡು ಬಂದಿದ್ದ ಹುಡುಗಿಯೊಬ್ಬಳು ಕುಳ್ಳಾಯಿಯನ್ನು ಕೈಗೆ ತೆಗೆದುಕೊಂಡವಳೇ ಒಳಗೆ ತಿರುಗಿಸಿ ನೋಡಿದಳು. ಹೊಲಿಯುವವರ ಗುರುತು ಅದು. ಹಿಂದಲೆಯ ಕಡೆ ತೆಳು ಫೋಮಿನ ಎರಡು ಪಟ್ಟಿ ಇಟ್ಟರೆ ಬಗ್ಗಿದಾಗ ಟೋಪಿ ಮುಂದಕ್ಕೆ ಜಾರುವುದಿಲ್ಲ ಅಂತ ಹೇಳಿ, ತನ್ನ ಚೀಲದಿಂದ ಎರಡು ತುಂಡು ಕತ್ತರಿಸಿ ಕೊಟ್ಟಳು. ಅವಳ ಭುಜದ ಬೆಲ್ಟು ಕಿತ್ತಿತ್ತು, ನನ್ನ ಲಾಡಿ ಅವಳಿಗೆ ಹೋಯಿತು. ಭಾನುವಾರ ವೇದಿಕೆಯಲ್ಲಿ ಪೂರ್ತಿ ಬಗ್ಗಿ ನಮಸ್ಕಾರ ಮಾಡಿದರೂ ಟೋಪಿ ಅಲುಗಲಿಲ್ಲ. ಬಹುಮಾನ ಬೇರೆಯವರಿಗೆ ಬಂತು, ತೀರ್ಪುಗಾರರು ಮಾತ್ರ ಗುಲಾಬಿಯ ಹಿಂಬದಿ ನೋಡಬೇಕು ಅಂತ ಅಂಗಿಯ ಅಂಚು ಮಡಿಸಿ ತೋರಿಸಲು ಹೇಳಿದರು.

ಮುಂದಿನ ವರ್ಷಕ್ಕೆ ಗೆಳತಿಯೊಬ್ಬಳು ಲೇಪಾಕ್ಷಿಯ ಚಾವಣಿಯ ಹೆಂಗಸರ ಹಾಗೆ ಉಟ್ಟು ಬರುತ್ತಾಳಂತೆ: ಪಕ್ಕಕ್ಕೆ ಕಟ್ಟಿದ ತುರುಬು, ಅಗಲ ಪಟ್ಟೆ ಮತ್ತು ಚೌಕಳಿಯ ಸೀರೆ. ಅಷ್ಟು ಅಗಲದ ಪಟ್ಟೆಯನ್ನು ಹತ್ತಿಯಲ್ಲಿ ಈಗಲೂ ನೇಯುವ ಮಗ್ಗದವರು ನಿಮಗೆ ಗೊತ್ತಿದ್ದರೆ ತಿಳಿಸಿ, ಹುಡುಕಾಟ ಶುರುವಾಗಿದೆ.